ಜುಲೈ ಅಂದೆ, ಅಷ್ಟೇ

24 ಜನವರಿ 2024, ಬುಧವಾರ

ಬೆಳಗಿನ ಕ್ಲೈಂಟ್ ಮತ್ತೆ ಕೈ ಕೊಟ್ಟ. ಮೂರನೇ ಸಲ. ಟೈಮ್ ಮ್ಯಾನೇಜ್‌ಮೆಂಟ್ ಕಲಿಯಬೇಕು ಅಂತ ಬಂದವನು. ಸಿಟ್ಟು ಬರಲಿಲ್ಲ, ನಗು ಬಂತು.

ಹೊರಡುವಾಗ ಅಮ್ಮ ಪಕ್ಕದ ಮನೆಯವರಿಗೆ ನನ್ನ ಕೆಲಸ ವಿವರಿಸುತ್ತಿದ್ದಳು. 'ಜನ ಬಂದು ಮಾತಾಡ್ತಾರೆ, ಇವಳು ಕೇಳ್ಕೊಂಡ್ ಕೂತಿರ್ತಾಳೆ. ನಮ್ಮ ಭಾಗ್ಯ ಅದಕ್ಕೊಂದು ಕೋರ್ಸ್ ಬೇರೆ ಮಾಡ್ಕೊಂಡ್ಳು.' ಲೈಫ್ ಕೋಚ್ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಮಧ್ಯಾಹ್ನ ಮಾರತ್ತಹಳ್ಳಿ. ಇನ್ಶೂರೆನ್ಸ್ ಕ್ಲೇಮ್ ನೋಡುವ ಕಂಪನಿ. ಮೂವರ ಮೀಟಿಂಗ್ — ಎಚ್‌ಆರ್ ನರೇಶ್, ಕೋಚಿಂಗ್‌ಗೆ ಬರುವವಳು, ನಾನು. ಕಳಿಸುವುದು ಕಂಪನಿ, ಮನಸ್ಸು ಬಿಚ್ಚುವವಳು ಇನ್ನೊಬ್ಬಳು. ಅದಕ್ಕೇ ಮೊದಲ ದಿನವೇ ಕಾಗದದ ಮೇಲೆ ಗೆರೆ ಎಳೆಯುವುದು. ಎಷ್ಟು ಸೆಷನ್‌ಗೆ ಬಂದರು ಅನ್ನುವುದಷ್ಟೇ ನಾನು ನರೇಶ್‌ಗೆ ಹೇಳಬೇಕಾದದ್ದು. ಏನು ಮಾತಾಡಿದರು ಅನ್ನುವುದಲ್ಲ.

ಬಂದವಳ ಹೆಸರು ಗುಲ್ಷನ್. ಮೂವತ್ತೊಂಬತ್ತು ವಯಸ್ಸು. ಶಿವಾಜಿನಗರದವಳು, ರಸೆಲ್ ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ಮನೆ, ಗಂಡ ಹಾಶಿಮ್‌ದು ಅಲ್ಲೇ ಡ್ರೈ ಫ್ರೂಟ್ಸ್ ಅಂಗಡಿ. ಹನ್ನೆರಡು ವರ್ಷದಿಂದ ಇದೇ ಕಂಪನಿ. ಈಗ ಟೀಮ್ ಲೀಡ್. ಮ್ಯಾನೇಜರ್ ಮಾಡುವ ಯೋಚನೆಯಿದೆಯಂತೆ, ಅದಕ್ಕೆ ತಯಾರು ಮಾಡಲು ನಾನು.

ಕಾಗದ ಪೂರ್ತಿ ಓದಿದಳು. ಯಾರೂ ಓದುವುದಿಲ್ಲ, ಎಲ್ಲರೂ ಕೊನೆಯ ಪುಟಕ್ಕೆ ಹಾರಿ ಸಹಿ ಹಾಕುತ್ತಾರೆ. ಒಂದು ಸಾಲಿನ ಮೇಲೆ ಬೆರಳಿಟ್ಟಳು.

'ಮೇಡಂ, ಹೇಳಿದ್ದು ಹೊರಗೆ ಹೋಗಲ್ಲ ಅಂತಿದೆ. ಯಾರಿಗೂ ಅಂದ್ರೆ ಯಾರಿಗೂನಾ?'

'ಯಾರಿಗೂ. ನರೇಶ್ ಅವರಿಗೂ ಇಲ್ಲ, ನಮ್ಮಮ್ಮಂಗೂ ಇಲ್ಲ.'

ನರೇಶ್ ನಕ್ಕರು. ಅವಳು ನಗಲಿಲ್ಲ. ಇನ್ನೊಮ್ಮೆ ಓದಿ ಸಹಿ ಹಾಕಿದಳು.

31 ಜನವರಿ

ಗುಲ್ಷನ್, ಮೊದಲ ಸೆಷನ್. ಇಂದಿರಾನಗರದ ಕ್ಯಾಬಿನ್ — ಗಂಟೆಗಿಷ್ಟು ಅಂತ ಸಿಗುತ್ತದಲ್ಲ, ಗಾಜಿನ ಗೋಡೆಯದು. ಬಂದವಳೇ ಕುರ್ಚಿ ತಿರುಗಿಸಿ ಗಾಜಿಗೆ ಬೆನ್ನು ಹಾಕಿ ಕೂತಳು. ಕಾರಿಡಾರಿನಲ್ಲಿ ಓಡಾಡುವವರಿಗೆ ಅವಳ ದುಪಟ್ಟಾ ಮಾತ್ರ ಕಾಣುತ್ತದೆ.

ಎಲ್ಲ ಆಫೀಸಿನ ಮಾತು. ಕೆಲಸ ಹಂಚಲು ಬರುವುದಿಲ್ಲ, ಎಲ್ಲ ತಾನೇ ಮೈಮೇಲೆ ಹಾಕಿಕೊಳ್ಳುತ್ತಾಳೆ. 'ಬೇಡ ಅನ್ನೋಕೆ ಬರಲ್ಲ ಮೇಡಂ ನಂಗೆ.' ನಗುತ್ತಾ ಹೇಳಿದಳು. ಹದಿನೈದು ದಿನಕ್ಕೊಂದು ಬುಧವಾರ ಅಂತ ಗೊತ್ತು ಮಾಡಿದ್ದಾಯಿತು. ಇಷ್ಟವಾದಳು.

14 ಫೆಬ್ರವರಿ, ಸಂಜೆ

ಹಂಡ್ರೆಡ್ ಫೀಟ್ ರೋಡ್ ತುಂಬಾ ಕೆಂಪು ಬಲೂನು. ಅದರ ನಡುವೆ ಗುಲ್ಷನ್ ಬಂದು ಕೂತು, ನೀರು ಕುಡಿದು, ಪೀಠಿಕೆ ಇಲ್ಲದೆ ಹೇಳಿದಳು:

'ಮೇ ತಿಂಗಳಲ್ಲಿ ನಂಗೆ ಆಪರೇಷನ್ ಇದೆ ಮೇಡಂ.'

ತಂಗಿ ಸಾಮಿಯಾ. ಇಪ್ಪತ್ತೆಂಟು. ಸ್ಕೂಲಿನಲ್ಲಿ ಟೀಚರ್ ಆಗಿದ್ದಳು. ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮನೆಯಲ್ಲಿ ಎಲ್ಲರ ಟೆಸ್ಟ್ ಆಯಿತು, ಗುಲ್ಷನ್‌ದೇ ಹೊಂದಿತು. ಒಂದು ಕಿಡ್ನಿ ಕೊಡಬೇಕು. ಮೇ 20ಕ್ಕೆ ದಿನ ಇಟ್ಟಿದ್ದಾರೆ. ಆರೆಂಟು ವಾರ ರೆಸ್ಟ್, ಜುಲೈಯಲ್ಲಿ ಆಫೀಸಿಗೆ ವಾಪಸ್. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. 'ಪ್ರಮೋಷನ್ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ. ಮೊದ್ಲೇ ಹೇಳಿದ್ರೆ ಪಾಪ ಅಂತ ಪಕ್ಕಕ್ಕೆ ಕೂರಿಸ್ತಾರೆ.'

ದೊಡ್ಡ ಮನಸ್ಸು ನಿಮ್ಮದು ಅಂದೆ. ಅನ್ನಬಾರದಿತ್ತು, ಕೋಚ್ ಹೊಗಳಬಾರದು. ಅವಳು ನನ್ನನ್ನೇ ನೋಡಿದಳು.

'ನಂಗೆ ಇಷ್ಟ ಇಲ್ಲ.'

ಹೇಳಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಾನೇ ಬೆಚ್ಚಿದ್ದಳು. ಆಮೇಲೆ ಕೈ ಇಳಿಸಿ:

'ಮನೇಲಿ ನಮ್ಮ ಭಾಷೇಲಿ ಈ ಮಾತು ಬರೋದೇ ಇಲ್ಲ ಮೇಡಂ. ಬಾಯಿಗೆ ಬರೋಕ್ ಮುಂಚೆ ಅಮ್ಮಿ ಮುಖ ಬಂದ್ಬಿಡುತ್ತೆ. ಕನ್ನಡದಲ್ಲಿ ಹೇಳ್ಬಹುದು ಅನ್ನಿಸ್ತು. ನೋಡಿ, ಬಂತು.'

ಮೂರು ಸಲ ಬಸಿರಾಗಿದ್ದಳಂತೆ. ಮೂರೂ ಹೋಯಿತು. ಮೂರು ಸಲ ಆಸ್ಪತ್ರೆಯ ಟೇಬಲ್ ಮೇಲೆ ಮಲಗಿ ಬರಿಗೈಯಲ್ಲಿ ಮನೆಗೆ ಬಂದವಳು. ಇನ್ನೊಮ್ಮೆ ಮೈಯಿಂದ ಏನನ್ನಾದರೂ ತೆಗೆಸಿಕೊಳ್ಳುವುದೆಂದರೆ ಕೈಕಾಲು ತಣ್ಣಗಾಗುತ್ತದೆಯಂತೆ. ಆಸ್ಪತ್ರೆಯವರು ಇವಳೊಬ್ಬಳನ್ನೇ ಕೂರಿಸಿ, ಮನಸಾರೆ ಕೊಡುತ್ತೀರಾ ಅಂತ ಕೇಳಿದರು. ಹೂಂ ಅಂದಳು. ಬಾಗಿಲಾಚೆ ಬೆಂಚಿನ ಮೇಲೆ ಸಾಮಿಯಾ ಕೂತಿದ್ದಳು, ಇನ್ನೇನು ಅನ್ನುವುದು?

ಇದು ನನ್ನ ಕೆಲಸವಲ್ಲ, ಆಸ್ಪತ್ರೆಯಲ್ಲಿ ಕೌನ್ಸೆಲರ್ ಇರುತ್ತಾರೆ, ಅವರ ಹತ್ತಿರ ಹೋಗಿ ಅಂದೆ. ಅಂದದ್ದು ಸರಿ. ಆದರೆ ದನಿಯಲ್ಲಿ ಜೋರಿರಲಿಲ್ಲ.

'ನೀವೇನೂ ತೀರ್ಮಾನ ಮಾಡ್ಬೇಡಿ ಮೇಡಂ. ಹದಿನೈದು ದಿನಕ್ಕೊಂದ್ಸಲ ಇಲ್ಲಿ ಇಳಿಸಿ ಹೋಗ್ತೀನಿ. ಅಷ್ಟು ಸಾಕು ನಂಗೆ.'

15 ಫೆಬ್ರವರಿ

ಬೆಳಿಗ್ಗೆ ಹಲಸೂರು ಕೆರೆಯ ಸುತ್ತ ಪ್ರೇಮ್‌ಕುಮಾರ್ ಸಾರ್ ಜೊತೆ ವಾಕ್. ನನಗೆ ಈ ವಿದ್ಯೆ ಹೇಳಿಕೊಟ್ಟವರು, ಈಗಲೂ ತಿಂಗಳಿಗೊಮ್ಮೆ ನನ್ನ ಕಿವಿ ಹಿಂಡುವವರು. ಹೆಸರು, ಊರು ಬಿಟ್ಟು ವಿಷಯ ಹೇಳಿದೆ.

'ಕೌನ್ಸೆಲರ್ ನಂಬರ್ ಕೊಟ್ಯಾ?'

'ಬಾಯಲ್ಲಿ ಹೇಳಿದೆ ಸಾರ್.'

'ಬರೆದು ಕೊಡಮ್ಮಾ. ಇನ್ನೊಂದು. ನಿಂಗೆ ಆ ಹುಡುಗಿ ಮೇಲೆ ಪ್ರೀತಿ ಬಂದ್ಬಿಟ್ಟಿದೆ. ಪ್ರೀತಿ ಬಂದ್ರೆ ಏನಾದ್ರೂ ಸಹಾಯ ಮಾಡೋಣ ಅನ್ಸುತ್ತೆ. ಸಹಾಯ ನಮ್ಮ ಕೆಲ್ಸ ಅಲ್ಲ, ತಿಳೀತಾ?'

ಹೂಂ ಅಂದೆ. ಒಳಗೊಳಗೆ ಉರಿಯಿತು. ಸಹಾಯ ಮಾಡಬಾರದು ಅಂದರೆ ನಾವೇನು ಕಲ್ಲೇ?

28 ಫೆಬ್ರವರಿ

ನಂಬರ್ ಬರೆದು ಕೊಟ್ಟೆ. ಮಡಚಿ ಪರ್ಸಿನಲ್ಲಿಟ್ಟುಕೊಂಡಳು. ಹೋಗುವುದಿಲ್ಲ ಅಂತ ಇಬ್ಬರಿಗೂ ಗೊತ್ತು.

'ಇಷ್ಟ ಇಲ್ಲ ಅನ್ನೋದು ಈ ವಾರ ಎಷ್ಟಿದೆ?' ಕೇಳಿದೆ.

'ಅರ್ಧ. ಡಯಾಲಿಸಿಸ್ ಮುಗಿಸಿ ಸಾಮಿಯಾ ಆಟೋದಲ್ಲಿ ನನ್ನ ಹೆಗಲ ಮೇಲೆ ಮಲಗ್ತಾಳಲ್ಲ, ಆವಾಗ ಸೊನ್ನೆ. ಮನೆಗ್ ಬಂದು ಒಬ್ಳೇ ಸ್ನಾನಕ್ಕೆ ಹೋದಾಗ ಪೂರ್ತಿ.'

ನೀರಿನ ಮಾತು ಬಂತು. ಟ್ಯಾಂಕರ್ ಬರಲಿಲ್ಲ ಅಂತ ಊರೆಲ್ಲ ಗೋಳಾಡುತ್ತಿದೆ. ಅವರ ಮನೆಯಲ್ಲಿ ಸಾಮಿಯಾಗೆ ಮೊದಲಿಂದಲೂ ದಿನಕ್ಕೆ ಮೂರು ಲೋಟ ನೀರು, ಅಳೆದು. ನಾಲ್ಕನೆಯದು ಕುಡಿದರೆ ಕಾಲು ಊದುತ್ತದೆ. ಬೇಸಿಗೆಯಲ್ಲಿ ಐಸ್ ತುಂಡು ಬಾಯಲ್ಲಿಟ್ಟುಕೊಂಡು ಕೂರುತ್ತಾಳಂತೆ. ಹೇಳುತ್ತಾ ಗುಲ್ಷನ್ ತನ್ನ ಮುಂದಿದ್ದ ಬಾಟಲಿಯನ್ನು ದೂರ ಸರಿಸಿದಳು.

ಹೋಗುವಾಗ ಬೆನ್ನು ನೆಟ್ಟಗಿತ್ತು. ಅದು ನನಗೆ ಸಂತೋಷ.

7 ಮಾರ್ಚ್, ಗುರುವಾರ

ಮಾರತ್ತಹಳ್ಳಿಯಲ್ಲಿ ಬೇರೆ ಕ್ಲೈಂಟ್ ಮುಗಿಸಿ ಕೆಳಗಿಳಿದರೆ ನರೇಶ್ ಕಾರು ತೆಗೆಯುತ್ತಿದ್ದರು. ಇಂದಿರಾನಗರಕ್ಕೆ ಡ್ರಾಪ್ ಅಂದರು. ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ. ಹವಾಮಾನ, ಟ್ಯಾಂಕರ್, ಕ್ರಿಕೆಟ್. ಆಮೇಲೆ:

'ಗುಲ್ಷನ್ ರೆಡಿನಾ ಮೇಡಂ?'

'ಅದನ್ನ ನಾನು ಹೇಳೋ ಹಾಗಿಲ್ಲ ನರೇಶ್.'

'ಗೊತ್ತು, ಗೊತ್ತು. ಸುಮ್ನೆ ಕೇಳ್ದೆ. ಮೇ ಒಂದರಿಂದ ಹೊಸ ರೋಲ್ ಶುರು ಮಾಡೋಣ ಅಂತಿದೀವಿ. ಲಿಸ್ಟಲ್ಲಿ ಮೊದಲು ಅವರದೇ ಹೆಸರು.'

ಮೇ ಒಂದಕ್ಕೆ ಕೂರಿಸಿ ಇಪ್ಪತ್ತಕ್ಕೆ ರಜೆ ಕೇಳಿದರೆ ಅವಳ ಗತಿ? ಬಾಯಿಗೆ ಬಂತು, ಅಂದೆ.

'ಜುಲೈಯಿಂದ ಇಟ್ಕೊಳ್ಳಿ.'

'ಯಾಕೆ?'

'ಸುಮ್ನೆ. ಜುಲೈ ಆದ್ರೆ ಒಳ್ಳೇದು.'

ಅವರು ಇನ್ನೇನೂ ಕೇಳಲಿಲ್ಲ. ಓಕೆ ಅಂದರು. ಆಪರೇಷನ್ ಅನ್ನಲಿಲ್ಲ, ತಂಗಿ ಅನ್ನಲಿಲ್ಲ. ಒಂದು ಗುಟ್ಟೂ ಬಿಡಲಿಲ್ಲ. ಒಂದು ತಿಂಗಳ ಹೆಸರು, ಅಷ್ಟೇ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸುತ್ತಿದೆ. ಮನೆಗೆ ಬರುತ್ತಾ ಅಮ್ಮನಿಗೆ ಬಾದಾಮಿ ಹಲ್ವಾ ತಂದೆ. ಏನು ವಿಶೇಷ ಅಂದಳು. ಏನಿಲ್ಲ ಅಂದೆ.

13 ಮಾರ್ಚ್, ಬುಧವಾರ

ಗುಲ್ಷನ್ ಬರಲಿಲ್ಲ. ಮೆಸೇಜ್: ಟುಡೇ ನಾಟ್ ಪಾಸಿಬಲ್. ಮೇಡಂ ಅಂತಲೂ ಇಲ್ಲ. ನಿನ್ನೆಯಿಂದ ರಂಜಾನ್ ಶುರುವಾಗಿದೆ, ಉಪವಾಸದ ಸುಸ್ತಿರಬೇಕು ಅಂದುಕೊಂಡೆ.

15 ಮಾರ್ಚ್

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಮಧ್ಯಾಹ್ನ ಹೇಳದೆ ಬಂದಳು. ಇನ್ನೊಬ್ಬ ಕ್ಲೈಂಟ್ ಹೋಗುವ ತನಕ ಹೊರಗೆ ನಿಂತಿದ್ದಳು. ಒಳಗೆ ಬಂದವಳು ಕುರ್ಚಿ ತಿರುಗಿಸಲಿಲ್ಲ. ಕೂರಲೂ ಇಲ್ಲ.

ಮಂಗಳವಾರ ರೋಲ್ ಅನೌನ್ಸ್ ಆಗಿದೆ. ಇನ್ನೊಬ್ಬರಿಗೆ. ಅದಾಗಿ ಅರ್ಧ ಗಂಟೆಗೆ ಲಿಫ್ಟಿನಲ್ಲಿ ಎಚ್‌ಆರ್ ಟೀಮಿನ ಹುಡುಗಿಯೊಬ್ಬಳು ಇವಳನ್ನು ತಬ್ಬಿಕೊಂಡು ಕಿವಿಯಲ್ಲಿ ಅಂದಳಂತೆ — ಕಂಗ್ರಾಟ್ಸ್ ಅಕ್ಕಾ, ನಿಮಗೆ ರಜೆ ಬೇಕಾಗುತ್ತಂತೆ, ಜುಲೈವರೆಗೂ? ಇಷ್ಟು ವರ್ಷ ಆದ್ಮೇಲೆ, ಎಷ್ಟ್ ಖುಷಿ ಆಯ್ತು ಗೊತ್ತಾ!

ಲಿಫ್ಟಿನಲ್ಲಿ ಇನ್ನೂ ನಾಲ್ಕು ಜನ. ಎಲ್ಲರೂ ಅವಳ ಹೊಟ್ಟೆ ನೋಡಿದರು.

'ಮೂರು ಸಲ ಹೋಗಿದೆ ಮೇಡಂ. ನಿಮಗ್ ಗೊತ್ತು.'

'ಗುಲ್ಷನ್, ನಾನು ಏನೂ ಹೇಳ್ಲಿಲ್ಲ. ಜುಲೈ ಅಂತ...'

'ಜುಲೈ ಗೊತ್ತಿದ್ದಿದ್ದು ನಿಮ್ಗೊಬ್ರಿಗೇ.'

ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಆ ಹುಡುಗಿಗೆ ಏನು ಹೇಳಿದಿರಿ ಅಂತ ಕೇಳಿದೆ. ಥ್ಯಾಂಕ್ಸ್ ಅಂದಳಂತೆ. ಇಲ್ಲ ಅಂದರೆ ಮತ್ತೆ ಯಾಕೆ ಅಂತ ಕೇಳುತ್ತಾರೆ, ತಂಗಿಯ ವಿಷಯ ಹೇಳಬೇಕಾಗುತ್ತದೆ. ಲಿಫ್ಟ್ ಇಳಿದು ಬಾತ್‌ರೂಮಿನಲ್ಲಿ ಅರ್ಧ ಗಂಟೆ ನಿಂತಿದ್ದಳು. ರೋಜಾ ಉಪವಾಸ ಇತ್ತು, ಮುಖಕ್ಕೆ ನೀರು ಚಿಮುಕಿಸಿಕೊಂಡು ಒಂದು ಹನಿಯೂ ಗಂಟಲಿಗೆ ಇಳಿಯದ ಹಾಗೆ ತುಟಿ ಬಿಗಿ ಹಿಡಿದಿದ್ದಳು.

ಕ್ಷಮಿಸಿ ಅಂದೆ. ನಿಮ್ಮ ಒಳ್ಳೆಯದಕ್ಕೇ ಅಂತಲೂ ಅಂದೆ, ನಾಲಿಗೆ ಕಿತ್ತು ಬಿಸಾಡಬೇಕು.

ಬಾಗಿಲ ಹತ್ತಿರ ತಿರುಗಿದಳು.

'ಪ್ರಮೋಷನ್ ಹೋದ್ರೆ ಹೋಗ್ಲಿ ಮೇಡಂ. ಇದೊಂದ್ ಜಾಗ ಇತ್ತು ನಂಗೆ. ಇನ್ನೂ ಎರಡ್ ತಿಂಗಳಿದೆ ಆಪರೇಷನ್‌ಗೆ. ಈಗ ಎಲ್ಲಿ ಹೇಳ್ಲಿ ನಾನು?'

 

19 ಮಾರ್ಚ್

ನರೇಶ್ ಹತ್ತಿರ ಹೋದೆ. ಸರಿಪಡಿಸೋಣ ಅಂತ. ಎದುರು ಕೂತ ಮೇಲೆ ತಿಳಿಯಿತು, ಏನು ಹೇಳಿ ಸರಿಪಡಿಸಲಿ? ಅವಳು ಬಸುರಿ ಅಲ್ಲ ಅಂದರೆ ಅದೂ ಅವಳ ಮಾತನ್ನು ಹೊರಗೆ ಹಾಕಿದ ಹಾಗೆ. ಹಾಗಾದರೆ ಜುಲೈ ಯಾಕೆ ಅಂತ ಮುಂದಿನ ಪ್ರಶ್ನೆ ಬರುತ್ತದೆ.

'ನನ್ನ ಮಾತಿಂದ ನೀವು ಏನೂ ಊಹಿಸ್ಬಾರ್ದಿತ್ತು,' ಅಂದೆ.

'ಮೇಡಂ, ನೀವು ಏನೂ ಹೇಳ್ಲಿಲ್ಲ. ನಾವೂ ಏನೂ ಊಹಿಸ್ಲಿಲ್ಲ. ಡಿಸಿಷನ್ ಪ್ಯೂರ್‌ಲೀ ಬಿಸಿನೆಸ್ ರೀಸನ್ಸ್.' ಕಾಫಿ ತರಿಸಿದರು.

ಕುಡಿಯದೆ ಎದ್ದು ಬಂದೆ. ಅವರನ್ನು ಬೈಯಲೂ ಆಗುವುದಿಲ್ಲ. ಬಾಗಿಲು ತೆಗೆದವಳು ನಾನು.

1 ಏಪ್ರಿಲ್

ಪ್ರೇಮ್‌ಕುಮಾರ್ ಸಾರ್ ಹೇಳಿದಂತೆ ನಮ್ಮ ಕೋಚ್‌ಗಳ ಸಂಘದ ಎಥಿಕ್ಸ್ ಕಮಿಟಿಗೆ ನನ್ನ ಮೇಲೆ ನಾನೇ ದೂರು ಬರೆದೆ. ಫಾರಂನಲ್ಲಿ ಒಂದು ಕಾಲಂ: ಬಹಿರಂಗಪಡಿಸಿದ ಮಾಹಿತಿ. ಎರಡು ಗಂಟೆ ಕೂತು ಬರೆದದ್ದು ಒಂದೇ ಪದ. ತಿಂಗಳ ಹೆಸರು. ಸಾರ್ ಓದಿ ನಿಟ್ಟುಸಿರು ಬಿಟ್ಟರು. ಬೈಯಲಿಲ್ಲ. ಅವತ್ತು ಹೇಳಿದ್ದೆ ನೋಡು ಅಂತಲೂ ಅನ್ನಲಿಲ್ಲ. ಅನ್ನಲಿ ಅಂತ ಕಾಯುತ್ತಿದ್ದೆ.

11 ಏಪ್ರಿಲ್

ಈದ್. ಗುಲ್ಷನ್‌ಗೆ ಈದ್ ಮುಬಾರಕ್ ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ, ಅಳಿಸಿದೆ. ಕೋಚಿಂಗ್ ನಿಲ್ಲಿಸಿದ್ದೇನೆ ಅಂತ ಅವಳು ಮೇಲ್ ಹಾಕಿ ಆಗಿದೆ. ನನಗೆ ಮಾತಾಡಿಸುವ ಹಕ್ಕಿಲ್ಲ. ತಪ್ಪು ಮಾಡಿದವರಿಗೆ ಕ್ಷಮೆ ಕೇಳುವ ಚಪಲ ಇರುತ್ತದೆ, ಅದು ತಮ್ಮ ಸಮಾಧಾನಕ್ಕೆ. ಅವಳಿಗೆ ಅದನ್ನೂ ಹೊರಿಸುವುದು ಬೇಡ.

ಆದರೂ ಅವಳದೇ ಯೋಚನೆ. ಈ ವಾರ ಇಷ್ಟವಿಲ್ಲದ್ದು ಎಷ್ಟು? ಯಾರು ಕೇಳುತ್ತಾರೆ ಅವಳನ್ನು?

27 ಏಪ್ರಿಲ್, ಶನಿವಾರ

ಇವತ್ತು ಸಾಮಿಯಾ ಬಂದಿದ್ದಳು.

ಕ್ಯಾಬಿನ್ ಬಾಗಿಲಲ್ಲಿ ನಿಂತು ಹೆಸರು ಹೇಳುವ ಮೊದಲೇ ಗೊತ್ತಾಯಿತು, ಅಕ್ಕನದೇ ಹಣೆ. ಸಣಕಲು, ಮುಖ ಬೂದಿ ಬಣ್ಣ. ಬೆರಳಲ್ಲಿ ನಿನ್ನೆಯ ವೋಟಿನ ಶಾಯಿ. ಎಡಗೈಯ ನರ ಸೂಜಿ ಚುಚ್ಚಿ ಚುಚ್ಚಿ ಗಂಟಾಗಿದೆ, ಕುರ್ತಾದ ತೋಳು ಎಳೆದು ಮುಚ್ಚಿಕೊಂಡಿದ್ದಳು. ಬಿಸಿಲಲ್ಲಿ ಮೆಟ್ರೋ ಇಳಿದು ನಡೆದು ಬಂದು ಏದುಸಿರು ಬಿಡುತ್ತಿದ್ದಳು. ಬಂದವರಿಗೆ ಕೊಡುವಂತೆ ಲೋಟ ತುಂಬಾ ನೀರು ಬಗ್ಗಿಸಿ ಮುಂದಿಟ್ಟೆ. ಇಟ್ಟ ತಕ್ಷಣ ನೆನಪಾಗಿ ಹಿಂದಕ್ಕೆ ಎಳೆದುಕೊಂಡೆ.

ಅವಳು ಲೋಟ ನೋಡಿದಳು. ನನ್ನ ಮುಖ ನೋಡಿದಳು.

'ಹಾಗಾದ್ರೆ ಆಪಾ ನಿಮಗೆ ಎಲ್ಲಾ ಹೇಳಿದಾಳೆ.'

ನಾನು ಕಲ್ಲಾದೆ.

'ಆಪಾ ಫೋನಲ್ಲಿ ನಿಮ್ಮ ಹೆಸರಿತ್ತು ಮೇಡಂ. ಬುಧವಾರ, ಬುಧವಾರ. ಆ ದಿನ ಮನೆಗ್ ಬಂದ್ರೆ ಹಾಡ್ಕೊಂಡ್ ಅಡುಗೆ ಮಾಡ್ತಿದ್ಲು. ಮಾರ್ಚಿಂದ ಹಾಡೋದ್ ನಿಂತ್ಹೋಯ್ತು. ಒಂದೇ ಮಾತು ಕೇಳೋಕ್ ಬಂದೆ. ಅವಳಿಗೆ ಕೊಡೋಕೆ ಇಷ್ಟ ಇದೆಯಾ, ಇಲ್ವಾ?'

'ಇಲ್ಲಿ ಯಾರು ಬರ್ತಾರೆ, ಯಾರು ಬರಲ್ಲ ಅನ್ನೋದನ್ನೂ ನಾನು ಹೇಳೋ ಹಾಗಿಲ್ಲ ಸಾಮಿಯಾ. ಅವರನ್ನೇ ಕೇಳಿ.'

'ಕೇಳಿದೀನಿ. ನಗ್ತಾಳೆ. ಹುಚ್ಚಿ ಅಂತಾಳೆ. ನೀವು ಹೇಳಿ. ಇಷ್ಟ ಇದೆ ಅಂದ್ರೆ ತಗೋತೀನಿ, ಜೀವನ ಪೂರ್ತಿ ಅವಳ ಕಾಲು ತೊಳೀತೀನಿ. ಇಲ್ಲ ಅಂದ್ರೆ ಬೇಡ. ನಂಗೆ ಡಯಾಲಿಸಿಸ್ ಅಭ್ಯಾಸ ಆಗಿದೆ.'

ಫೆಬ್ರವರಿಯ ಉತ್ತರ ನನಗೆ ಗೊತ್ತಿತ್ತು. ಇವತ್ತಿನದು ಗೊತ್ತಿಲ್ಲ, ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದ್ದೆ. ಗೊತ್ತಿದ್ದರೂ ಹೇಳುವಂತಿಲ್ಲ. ಅಕ್ಕನ ಮೇಲಿನ ಕರುಣೆಗೆ ಒಮ್ಮೆ ಬಾಯಿ ಬಿಟ್ಟವಳು, ತಂಗಿಯ ಮೇಲಿನ ಕರುಣೆಗೆ ಇನ್ನೊಮ್ಮೆ ಬಿಡಲೇ? ಹೇಳಲಾರೆ ಅಂದೆ. ಯಾರು ಬಂದು ಕೇಳಿದರೂ, ಏನು ಕೇಳಿದರೂ ಇದೇ ಉತ್ತರ ಅಂತ ಬಿಡಿಸಿ ಬಿಡಿಸಿ ಹೇಳಿದೆ.

ಅವಳು ಕೇಳಿಸಿಕೊಂಡಳು. ಟೀಚರ್ ಅಲ್ಲವೇ, ಉತ್ತರ ಗೊತ್ತಿಲ್ಲದ ಹುಡುಗರನ್ನೂ ಹೇಳಲೊಲ್ಲದ ಹುಡುಗರನ್ನೂ ಬೇರೆ ಮಾಡಬಲ್ಲಳು.

'ಇಷ್ಟ ಇದ್ದಿದ್ರೆ ನಿಮ್ಮ ಕಣ್ಣಲ್ಲಿ ನೀರ್ ಬರ್ತಿರ್ಲಿಲ್ಲ ಮೇಡಂ.'

ಬಂದಿದ್ದು ನನಗೆ ತಿಳಿದಿರಲಿಲ್ಲ. ಅದು ಅದಕ್ಕಲ್ಲ ಅಂತ ಹೇಳಲೂ ಆಗಲಿಲ್ಲ. ಅವಳು ಎದ್ದು, ಥ್ಯಾಂಕ್ಸ್ ಅಂದು ಹೋದಳು.

28 ಏಪ್ರಿಲ್

ಸಾರ್‌ಗೆ ಫೋನ್. ಸರಿಯಾಗೇ ಮಾಡಿದೆಯಮ್ಮಾ ಅಂದರು. ಸರಿ ಮಾಡಿದವರ ಎದೆ ಹೀಗೆ ಉರಿಯುತ್ತದೆಯೇ ಸಾರ್ ಅಂದೆ. 

ಅಮ್ಮ ತಟ್ಟೆ ಮುಂದಿಟ್ಟು ಬೈದಳು. ಮುದ್ದೆ ಮುರಿದು, ಹಾಗೇ ಬಿಟ್ಟು ಎದ್ದೆ.

14 ಮೇ, ಮಂಗಳವಾರ

ಗುಲ್ಷನ್ ಫೋನ್. ಎರಡು ತಿಂಗಳಾದ ಮೇಲೆ. ಹೆಸರು ಕಂಡ ಕೂಡಲೇ ಎದ್ದು ನಿಂತೆ, ಯಾಕೋ.

'ಸಾಮಿಯಾ ಬೇಡ ಅಂದ್ಬಿಟ್ಳು. ಡಾಕ್ಟರ್ ಮುಂದೇನೇ. ತಗೊಳ್ಳೋಳು ಒಪ್ಪದೇ ಇದ್ರೆ ಆಗಲ್ವಂತೆ. ನಿಮ್ಮ ಹತ್ರ ಬಂದಿದ್ಲಂತೆ. ಏನ್ ಹೇಳಿದ್ರಿ?'

'ಏನೂ ಹೇಳ್ಲಿಲ್ಲ ಗುಲ್ಷನ್. ನಿಜವಾಗ್ಲೂ.'

'ಗೊತ್ತು. ಅವಳೂ ಅದೇ ಅಂದ್ಳು. ಏನೂ ಹೇಳ್ಲಿಲ್ಲ, ಅದಕ್ಕೇ ಗೊತ್ತಾಯ್ತು ಅಂದ್ಳು.'

ಆಮೇಲೆ ಅವಳು ಇನ್ನೊಂದು ಹೇಳಿದಳು. ಅವಳ ಮನಸ್ಸು ಗಟ್ಟಿಯಾಗಿತ್ತು. ರಂಜಾನ್ ಮುಗಿಯುವಷ್ಟರಲ್ಲಿ. 'ಯಾರ ಬಲವಂತಾನೂ ಇಲ್ದೆ ಮೇಡಂ. ನೀವೂ ಇಲ್ದೆ. ಭಯ ಇತ್ತು, ಆದ್ರೂ ಕೊಡ್ತೀನಿ ಅಂತ ಮನಸ್ಸು ಬಂತು. ಈಗ ನೀವ್ ಬನ್ನಿ. ಫೆಬ್ರವರೀಲಿ ನಾನೇನಂದೆ ಅದೂ ಹೇಳಿ, ಈಗೇನಂದೆ ಅದೂ ಹೇಳಿ. ಎಲ್ಲಾ ಹೇಳಿ ಅವಳಿಗೆ.'

ಬರೆದು ಕಳಿಸಿ ಅಂದೆ. ತಕ್ಷಣ ಮೆಸೇಜ್ ಬಂತು. ಸಾಮಿಯಾಗೆ ಎಲ್ಲ ಹೇಳಲು ನನ್ನ ಒಪ್ಪಿಗೆ ಇದೆ, ಗುಲ್ಷನ್. ಸಾರ್‌ಗೂ ತಿಳಿಸಿದೆ. ಹೋಗು ಅಂದರು.

16 ಮೇ

ಹೋಗಿ ಬಂದೆ.

ಮಾರುಕಟ್ಟೆ ಹಿಂದೆ, ಮೊದಲ ಮಹಡಿ, ಕಡಿದಾದ ಮೆಟ್ಟಿಲು. ಸಾಮಿಯಾ ದಿವಾನ್ ಮೇಲೆ ಕೂತಿದ್ದಳು. ಪಕ್ಕದಲ್ಲಿ ಗುಲ್ಷನ್. ಅವರ ಅಮ್ಮಿ ಚಹಾ ತಂದಿಟ್ಟು, ಮಕ್ಕಳ ಮುಖ ನೋಡಿ, ಒಳಗೆ ಹೋದರು.

ಎಲ್ಲ ಹೇಳಿದೆ. ಇಷ್ಟವಿಲ್ಲ ಅಂದದ್ದು, ಬಾಯಿ ಮುಚ್ಚಿಕೊಂಡದ್ದು, ಅರ್ಧ ಅಂದದ್ದು, ಆಟೋದಲ್ಲಿ ಸೊನ್ನೆ ಅಂದದ್ದು. ನನ್ನ ಜುಲೈ. ಲಿಫ್ಟ್. ಆಮೇಲೆ ಮೊನ್ನೆ ಫೋನಿನಲ್ಲಿ ಹೇಳಿದ್ದು. ಗುಲ್ಷನ್ ನೆಲ ನೋಡುತ್ತಾ ಪ್ರತಿಯೊಂದಕ್ಕೂ ತಲೆಯಾಡಿಸಿದಳು.

'ಆವತ್ತು ನಾನಾಗಿ ಬಂದ್ ಕೇಳ್ದಾಗ ಹೇಳ್ಲಿಲ್ಲ,' ಅಂದಳು ಸಾಮಿಯಾ. 'ಇವತ್ತು ಆಪಾ ಕರೆಸಿದ್ಲು, ಬಂದು ಹೇಳ್ತಿದೀರಾ. ಹೇಗ್ ನಂಬ್ಲಿ ಮೇಡಂ?'

ಗುಲ್ಷನ್ ತಡೆಯಲಾರದೆ ತಮ್ಮ ಮನೆಯ ಭಾಷೆಯಲ್ಲಿ ಏನೇನೋ ಅಂದಳು. ತಂಗಿಯ ಎರಡೂ ಕೈ ಹಿಡಿದು, ಅಳುತ್ತಾ. ನನಗೆ ಅರ್ಧ ತಿಳಿಯಿತು, ಉಳಿದರ್ಧ ತಿಳಿಯುವುದು ಬೇಕಿರಲಿಲ್ಲ. ಸಾಮಿಯಾ ಅಕ್ಕನ ಕಣ್ಣೊರೆಸಿದಳು. ಆಮೇಲೆ ಕನ್ನಡದಲ್ಲಿ, ನನಗೂ ತಿಳಿಯಲಿ ಅಂತಲೇ ಇರಬೇಕು, ಬಹಳ ಮೆಲ್ಲಗೆ ಹೇಳಿದಳು:

'ಈಗ ಕೊಡೋಕ್ ಮನಸ್ಸಿದೆ ಅನ್ನೋದು ನಿಜ ಇರ್ಬಹುದು ಆಪಾ. ಇಷ್ಟ ಇಲ್ಲ ಅಂದಿದ್ದೂ ನಿಜ ತಾನೇ? ಅದನ್ನೂ ಸೇರ್ಸಿ ನನ್ನೊಳಗೆ ಇಟ್ಕೊಂಡು ನಾನು ಹೇಗ್ ಬದುಕ್ಲಿ?'

ಒಳಗೆ ಅಮ್ಮಿ ಪಾತ್ರೆ ತೊಳೆಯುವ ಸದ್ದು ನಿಂತುಹೋಗಿತ್ತು.

ಸಾಮಿಯಾಗೆ ಅದು ಗೊತ್ತಾಗಬೇಕಾದದ್ದೇ ಇರಲಿಲ್ಲ. ಭಯಪಡುವ ಹಕ್ಕು ಗುಲ್ಷನ್‌ಗಿತ್ತು, ಭಯಪಟ್ಟು, ಅದನ್ನು ದಾಟಿ, ಸುಮ್ಮನೆ ಹೋಗಿ ಕೊಟ್ಟು ಬರುವ ಹಕ್ಕೂ ಇತ್ತು. ಇಬ್ಬರೂ ಬದುಕಿಕೊಳ್ಳುತ್ತಿದ್ದರು. ನಾನು ಅದನ್ನು ಹಾಳು ಮಾಡಿದೆ. ಯಾರೂ ಹಾಗನ್ನಲಿಲ್ಲ. ಗುಲ್ಷನ್ ಮೆಟ್ಟಿಲ ತನಕ ಬಂದು, ನಿಧಾನ ಇಳೀರಿ ಮೇಡಂ, ಜಾರುತ್ತೆ ಅಂದಳು.

17 ಮೇ

ಕಮಿಟಿಯ ಪತ್ರ. ಆರು ತಿಂಗಳು ಕೋಚಿಂಗ್ ಮಾಡುವಂತಿಲ್ಲ. ಇನ್ನೂ ಹೆಚ್ಚು ಕೊಟ್ಟಿದ್ದರೆ ಹಗುರಾಗುತ್ತಿತ್ತೋ ಏನೋ. ಕ್ಯಾಬಿನ್ ಬೇಡ ಅಂತ ಹೇಳಿ ಬಂದೆ.

20 ಮೇ, ಸೋಮವಾರ. ಬೆಳಿಗ್ಗೆ 11

ಇವತ್ತು ಇಬ್ಬರೂ ಆಪರೇಷನ್ ಥಿಯೇಟರಿನಲ್ಲಿ ಇರಬೇಕಿತ್ತು.

ಗುಲ್ಷನ್ ಫೋನ್ ಮಾಡಿದ್ದಳು, ಈಗ ತಾನೇ ಇಟ್ಟಳು. ಡಯಾಲಿಸಿಸ್ ವಾರ್ಡಿನ ಹೊರಗಿಂದ. ಒಳಗೆ ಸಾಮಿಯಾ, ನಾಲ್ಕು ಗಂಟೆ ಹೊತ್ತು. ಒಂದು ಮಾತು ಹೇಳಬೇಕು ಅಂದಳು. ನಾನೀಗ ನಿಮ್ಮ ಕೋಚ್ ಅಲ್ಲ, ಯಾರ ಕೋಚೂ ಅಲ್ಲ ಅಂದೆ. ಕೌನ್ಸೆಲರ್ ನಂಬರ್ ಮತ್ತೆ ಹೇಳಲು ಹೋದೆ.

'ನಂಬರ್ ಇದೆ ನನ್ ಹತ್ರ. ನಿಮ್ ಮೇಲೆ ನಂಬಿಕೆ ಬಂತು ಅಂತ ಅಲ್ಲ ಮೇಡಂ. ಬೇರೆ ಯಾರೂ ಇಲ್ಲ, ಅದಕ್ಕೆ. ಎರಡ್ ನಿಮಿಷ ಕೇಳಿ. ಯಾರಿಗೂ ಹೇಳ್ಬೇಡಿ. ಎಲ್ಲೂ ಬರೀಬೇಡಿ.'

ಕೇಳಿಸಿಕೊಂಡೆ. ತಡವರಿಸುತ್ತಾ, ಕನ್ನಡದಲ್ಲಿ, ಅಳದೆ ಹೇಳಿದಳು. ಹೇಳಿ, ಸರಿ ಮೇಡಂ, ಸಾಮಿಯಾಗೆ ತಿಂಡಿ ತರ್ಬೇಕು ಅಂತ ಇಟ್ಟಳು. ಅಯ್ಯೋ ಗುಲ್ಷನ್. ಅಯ್ಯೋ ನನ್ನಮ್ಮಾ. ಇದನ್ನು ಹೊತ್ತುಕೊಂಡು ಆ ವಾರ್ಡಿನ ಹೊರಗೆ ಒಬ್ಬಳೇ ಕೂತಿದ್ದಾಳೆ. ತಂಗಿ ಡಾಕ್ಟರ ಮುಂದೆ ಬೇಡ ಅಂದಳಲ್ಲ, ಆ ಗಳಿಗೆಯಲ್ಲಿ ತನಗೆ — ಇಲ್ಲ, ಎಲ್ಲೂ ಬರೀಬೇಡಿ ಅಂದಿದ್ದಾಳೆ.